ಕಾಗದಗಳ ನಡುವೆ ಗೌರಮ್ಮ

ಒಬ್ಬರ ಬಾಳನ್ನು ಅವರೇ ಬರೆದ ಕಾಗದಗಳಿಂದ ತಿಳಿಯುವುದು ಒಂದು ಬಗೆ. ಅವರನ್ನು ಕುರಿತು ಇತರರು ಬರೆದುಕೊಂಡ ಕಾಗದಗಳಿಂದ ತಿಳಿಯುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ವ್ಯಕ್ತಿ ನಮ್ಮೆದುರು ಕುಳಿತು ಮಾತನಾಡಿದಂತೆ ಇರುತ್ತದೆ. ಎರಡನೆಯದರಲ್ಲಿ ನಾವು ಬಾಗಿಲ ಮರೆಯಲ್ಲಿ ನಿಂತು, ಒಳಗೆ ನಾಲ್ವರು ಆ ವ್ಯಕ್ತಿಯ ವಿಚಾರವಾಗಿ ಆಡುವ ಮಾತನ್ನು ಕೇಳಿಸಿಕೊಳ್ಳುತ್ತೇವೆ. ಅವರು ಪ್ರೀತಿಯಿಂದಲೇ ಆಡುತ್ತಿರಬಹುದು. ಆದರೂ ಆ ಮಾತು ಅವರದು. ಯಾರ ವಿಷಯವೋ ಅವರದಲ್ಲ. ಚರಿತ್ರೆ ಬರೆಯುವವರೂ ಕಾದಂಬರಿ ಬರೆಯುವವರೂ ಈ ಎರಡರ ಅಂತರವನ್ನು ಅನೇಕ ವೇಳೆ ಮರೆಯುತ್ತಾರೆ. ಕೊಡಗಿನ ಕೊನೆಯ ಅರಸು ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಕಥೆಯಲ್ಲಿ ಈ ಮರೆವು ಎಷ್ಟು ಸುಲಭ, ಎಷ್ಟು ಅನ್ಯಾಯಕರ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲು ದಾಟಿದವರ ಮನೆಗಳಲ್ಲಿ ಒಂದು ಪೆಟ್ಟಿಗೆ ಉಳಿಯುವುದು ವಾಡಿಕೆ. ಅದರಲ್ಲಿ ತಾಯಿಗೆ ಬರೆದ ಕಾಗದಗಳ ಕಟ್ಟು, ಪರವೂರಿನಿಂದ ತಂದ ಚಿತ್ರಗಳು, ಒಂದು ಒಣಗಿದ ಹೂವು, ಒಂದು ಬೀಸಣಿಗೆ ಇಂಥವು ಇರುತ್ತವೆ. ಯೂರೋಪು ಅಮೆರಿಕಗಳಲ್ಲಿ ಇಂಥ ಪೆಟ್ಟಿಗೆಗಳನ್ನು ತೆರೆದು, ಓದಿ, ಅಚ್ಚು ಹಾಕಿಸುವುದೇ ಸಾಹಿತ್ಯದ ಒಂದು ಶಾಖೆಯಾಗಿ ಬೆಳೆದಿದೆ. ನಮ್ಮ ಕಡೆಯಿಂದ ಹೋದವರ ಪೆಟ್ಟಿಗೆ ಎಲ್ಲಿದೆ? ಕೊಡಗಿನ ಮಟ್ಟಿಗೆ ಈ ಪ್ರಶ್ನೆಗೆ ವಿಚಿತ್ರವಾದ ಉತ್ತರವೊಂದಿದೆ. ಪೆಟ್ಟಿಗೆ ಇದೆ, ಆದರೆ ಅದು ಹೋದವಳ ಮನೆಯಲ್ಲಿಲ್ಲ, ಬರಮಾಡಿಕೊಂಡವರ ಮನೆಯಲ್ಲಿದೆ. ಅದರಲ್ಲಿರುವುದು ಗೌರಮ್ಮ ಕೊಂಡುಕೊಂಡ ನೆನಪಿನ ವಸ್ತುಗಳಲ್ಲ. ಗೌರಮ್ಮನೇ ಅಲ್ಲಿ ನೆನಪಿನ ವಸ್ತುವಾಗಿದ್ದಾಳೆ.

ಕೊಡಗು ಕಾಣದ ಕೊಡಗಿನ ಕುಮಾರಿ

ಕಥೆಯ ಹೊರರೇಖೆ ಅನೇಕರಿಗೆ ತಿಳಿದದ್ದೇ. ೧೮೩೪ರ ಏಪ್ರಿಲಿನಲ್ಲಿ ಕಂಪನಿಯ ದಂಡು ನಾಲ್ಕು ದಿಕ್ಕಿನಿಂದ ಕೊಡಗನ್ನು ಹೊಕ್ಕಿತು. ನಾಲ್ಕುನಾಡು ಅರಮನೆಯಲ್ಲಿ ತಲೆಮರೆಸಿಕೊಂಡಿದ್ದ ಚಿಕ್ಕವೀರರಾಜೇಂದ್ರ ಶರಣಾದ. ಹಾಲೇರಿ ವಂಶದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅರಸನನ್ನು ಮೊದಲು ವೆಲ್ಲೂರಿಗೂ ಅನಂತರ ಕಾಶಿಗೂ ಕಳುಹಿಸಿದರು. ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ, ೧೮೪೧ರಲ್ಲಿ. ಅಂದರೆ ತಂದೆ ರಾಜ್ಯ ಕಳೆದುಕೊಂಡು ಏಳು ವರ್ಷಗಳಾದ ಮೇಲೆ. ೧೮೫೨ರಲ್ಲಿ ತಂದೆ ಆಕೆಯನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಕೈಯಲ್ಲಿ ಆಕೆಗೆ ಕ್ರೈಸ್ತ ದೀಕ್ಷೆ ಆಯಿತು. ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ೧೮೬೦ರಲ್ಲಿ ಕರ್ನಲ್ ಜಾನ್ ಕ್ಯಾಂಬೆಲ್ ಎಂಬ, ವಯಸ್ಸಿನಲ್ಲಿ ಬಹಳ ಹಿರಿಯನಾದ ಸೈನ್ಯಾಧಿಕಾರಿಯೊಡನೆ ಮದುವೆ. ೧೮೬೧ರಲ್ಲಿ ಒಬ್ಬ ಮಗಳು. ೧೮೬೪ರ ಮಾರ್ಚಿ ೩೦ರಂದು ಮರಣ. ಇಪ್ಪತ್ತಮೂರು ಇನ್ನೂ ತುಂಬಿರಲಿಲ್ಲ. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಶ್ಮಶಾನದಲ್ಲಿದೆ.

ಈ ಕೆಲವು ತಾರೀಖುಗಳಲ್ಲೇ ಒಂದು ಸಂಗತಿ ಅಡಗಿದೆ. ಅದನ್ನು ಗಮನಿಸದೆ ಮುಂದೆ ಹೋಗುವವರೇ ಹೆಚ್ಚು. ಇಂಗ್ಲೆಂಡಿನವರು 'ಕೊಡಗಿನ ರಾಜಕುಮಾರಿ' ಎಂದು ಕರೆದ ಈ ಹುಡುಗಿ ಹುಟ್ಟಿದ್ದು ಕೊಡಗಿನಲ್ಲಲ್ಲ. ತಂದೆಯನ್ನು ಗಡಿಪಾರು ಮಾಡಿದ ಮೇಲೆ ಹುಟ್ಟಿದವಳು, ಹನ್ನೊಂದರ ಪ್ರಾಯಕ್ಕೆ ಹಡಗು ಹತ್ತಿದವಳು. ಮಡಿಕೇರಿಯ ಕೋಟೆ, ಗದ್ದುಗೆ, ಓಂಕಾರೇಶ್ವರನ ಗುಡಿ ಇವೆಲ್ಲ ಆಕೆಗೆ ಹಿರಿಯರ ಬಾಯಿಂದ ಕೇಳಿದ ಹೆಸರುಗಳಾಗಿರಬಹುದೇ ಹೊರತು ಕಣ್ಣಿಂದ ಕಂಡ ಸ್ಥಳಗಳಲ್ಲ. ಆದ್ದರಿಂದ 'ತೌರುನೆಲದ ಹಂಬಲ', 'ಕಾವೇರಿಯ ತೀರದ ನೆನಪು' ಎಂದೆಲ್ಲ ಆಕೆಯ ಬಾಯಲ್ಲಿ ಮಾತು ತುರುಕುವ ಬರಹಗಾರರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಆಕೆಗೆ ತೌರು ಎಂದರೆ ಕಾಶಿಯ ಒಂದು ಕಾವಲಿನ ಮನೆ. ಆ ಮನೆಯಲ್ಲಿ ಅರಸುತನದ ನೆನಪು ಇತ್ತು, ಅರಸುತನ ಇರಲಿಲ್ಲ. ಅಲ್ಲಿಂದ ಒಬ್ಬ ಮಗಳು ನೇಪಾಳದ ಜಂಗ್ ಬಹಾದೂರನ ಕೈಹಿಡಿದು ಕಠ್ಮಂಡುವಿಗೆ ಹೋದಳು. ಇನ್ನೊಬ್ಬಳು ಲಂಡನ್ನಿಗೆ ಹೋದಳು. ರಾಜ್ಯ ಹೋದ ಮೇಲೆ ಅರಸನ ಕೈಯಲ್ಲಿ ಉಳಿದ ಸಂಪತ್ತು ಹೆಣ್ಣುಮಕ್ಕಳೇ ಎಂಬ ಕಟು ಸತ್ಯ ಈ ಎರಡು ಪ್ರಯಾಣಗಳಲ್ಲಿ ಕಾಣುತ್ತದೆ.

ಯಾರು ಬರೆದರು? ಯಾವಾಗ? ಏಕೆ?

ಈಗ ಸಾಕ್ಷ್ಯಗಳಿಗೆ ಬರೋಣ. ಗೌರಮ್ಮನ ಕಥೆಯಾಗಿ ನಮಗೆ ತಲಪಿರುವುದರ ಬಹುಪಾಲು ಎರಡು ಮೂಲಗಳಿಂದ ಬಂದದ್ದು. ಒಂದು, ವಿಕ್ಟೋರಿಯಾ ರಾಣಿಯ ದಿನಚರಿ ಮತ್ತು ಕಾಗದಗಳು. ಇನ್ನೊಂದು, ಲೇಡಿ ಲಾಗಿನ್ ಎಂಬಾಕೆಯ ಪುಸ್ತಕಗಳು. ಪಂಜಾಬಿನ ಎಳೆಯ ಅರಸು ದುಲೀಪ್ ಸಿಂಗನನ್ನು ಕಂಪನಿಯವರು ಸರ್ ಜಾನ್ ಲಾಗಿನ್ನನ ಪಾಲನೆಗೆ ಒಪ್ಪಿಸಿದ್ದರು. ಕೆಲವು ಕಾಲ ಗೌರಮ್ಮನೂ ಅದೇ ಲಾಗಿನ್ ದಂಪತಿಗಳ ಆಶ್ರಯಕ್ಕೆ ಬಂದಳು. ರಾಜ್ಯ ಕಳೆದುಕೊಂಡ ಇಬ್ಬರು ಕ್ರೈಸ್ತರಾದ ಮಕ್ಕಳನ್ನು ಒಬ್ಬರಿಗೊಬ್ಬರು ಕೊಟ್ಟು ಮದುವೆ ಮಾಡಿದರೆ ಒಪ್ಪವಾಗಿರುತ್ತದೆ ಎಂದು ರಾಣಿ ಯೋಚಿಸಿದಳು. ದುಲೀಪ್ ಸಿಂಗ್ ಒಪ್ಪಲಿಲ್ಲ.

ರಾಣಿಯ ದಿನಚರಿಯನ್ನು ಓದುವವರಿಗೆ ಆಕೆಗೆ ಈ ಹುಡುಗಿಯ ಮೇಲೆ ಮಮತೆ ಇತ್ತೆಂಬುದರಲ್ಲಿ ಸಂದೇಹ ಉಳಿಯದು. ಆದರೆ ಆ ಮಮತೆ ಎಂಥದು ಎಂಬುದನ್ನೂ ಓದುಗ ಕೇಳಿಕೊಳ್ಳಬೇಕು. ಮೇಲಾಗಿ, ಇಂದು ನಾವು ಓದುವ ದಿನಚರಿಯ ಬಹುಭಾಗ ರಾಣಿಯ ಕೈಬರಹವಲ್ಲ. ರಾಣಿ ತೀರಿಕೊಂಡ ಮೇಲೆ ಆಕೆಯ ಕಿರಿಯ ಮಗಳು ಬಿಯಾಟ್ರಿಸ್ ವರ್ಷಗಟ್ಟಲೆ ಕುಳಿತು ತಾಯಿಯ ದಿನಚರಿಯನ್ನು ನಕಲು ಮಾಡಿದಳು. ಬೇಡವೆನಿಸಿದ್ದನ್ನು ಬಿಟ್ಟಳು, ಮೂಲ ಪುಸ್ತಕಗಳನ್ನು ನಾಶಪಡಿಸಿದಳು. ೨೦೧೨ರಲ್ಲಿ ದಿನಚರಿಯನ್ನು ಸಾರ್ವಜನಿಕರ ಓದಿಗೆ ತೆರೆದಾಗ ಹೊರಬಂದದ್ದು ಮುಖ್ಯವಾಗಿ ಈ ನಕಲೇ. ಹೀಗೆ, ಗೌರಮ್ಮ ಒಂದು ಸಂಜೆ ಅರಮನೆಯಲ್ಲಿ ಹೇಗೆ ಕಂಡಳು ಎಂಬುದು ಮೊದಲು ರಾಣಿಯ ಕಣ್ಣಿನಿಂದ, ಆಮೇಲೆ ಮಗಳ ಕತ್ತರಿಯಿಂದ ಹಾದು ನಮ್ಮ ಬಳಿಗೆ ಬಂದಿದೆ. ಎರಡು ಸಲ ಸೋಸಿದ ನೀರು ತಿಳಿಯಾಗಿರಬಹುದು. ಆದರೆ ಹೊಳೆಯ ರುಚಿ ಅದರಲ್ಲಿ ಉಳಿದಿರುತ್ತದೆ ಎನ್ನಲಾಗದು.

ಲೇಡಿ ಲಾಗಿನ್ನಳ ಸಾಕ್ಷ್ಯ ಇನ್ನೂ ತೊಡಕಿನದು. ಗಂಡನ ಮತ್ತು ದುಲೀಪ್ ಸಿಂಗನ ವಿಚಾರವಾದ ಆಕೆಯ ಗ್ರಂಥ ಹೊರಬಂದದ್ದು ೧೮೯೦ರಲ್ಲಿ. ಆ ಹೊತ್ತಿಗೆ ಗೌರಮ್ಮ ಸತ್ತು ಇಪ್ಪತ್ತಾರು ವರ್ಷ. ದುಲೀಪ್ ಸಿಂಗ್ ಬ್ರಿಟಿಷ್ ಸರ್ಕಾರದ ಮೇಲೆ ತಿರುಗಿಬಿದ್ದು, ಕ್ರೈಸ್ತಮತವನ್ನು ಬಿಟ್ಟು ಮತ್ತೆ ಸಿಖ್ಖನಾಗಿದ್ದ. ಅವನನ್ನು ಸಾಕಿದ ಮನೆಯವರು ತಮ್ಮ ಸಾಕಣೆ ಸರಿಯಾಗಿಯೇ ಇತ್ತೆಂದು ಜಗತ್ತಿಗೆ ತೋರಿಸಬೇಕಾಗಿದ್ದ ಕಾಲ ಅದು. ಆಕೆಯ ಸ್ಮರಣೆಗಳ ಇನ್ನೊಂದು ಪುಸ್ತಕವನ್ನು ಮಗಳು ಸಂಪಾದಿಸಿ ೧೯೧೬ರಲ್ಲಿ ಪ್ರಕಟಿಸಿದಳು. ಇಷ್ಟೇ ಆಗಿದ್ದರೆ, ಸ್ಮರಣೆ ಬರೆದವರೆಲ್ಲರ ಸಹಜ ದೌರ್ಬಲ್ಯ ಎಂದು ಬಿಡಬಹುದಿತ್ತು. ಆದರೆ ಗೌರಮ್ಮನನ್ನು ಮದುವೆಯಾದ ಕರ್ನಲ್ ಕ್ಯಾಂಬೆಲ್ ಬೇರೆ ಯಾರೂ ಅಲ್ಲ, ಲೇಡಿ ಲಾಗಿನ್ನಳ ಸ್ವಂತ ಸಹೋದರ. ಹೆಣ್ಣಿನ ಗುಣಾವಗುಣಗಳನ್ನೂ ಆ ಮದುವೆ ನಡೆದ ಬಗೆಯನ್ನೂ ನಮಗೆ ಹೇಳುತ್ತಿರುವವಳು ನಾದಿನಿ! ನಮ್ಮ ಹಳ್ಳಿಯ ಯಾವ ಅಜ್ಜಿಯೂ ಇಂಥ ಸಾಕ್ಷ್ಯವನ್ನು ಅರೆಗಣ್ಣು ಮಾಡಿಕೊಂಡೇ ಕೇಳಿಯಾಳು. ವಿದ್ಯಾವಂತರಾದ ನಾವು ಮಾತ್ರ ಅಚ್ಚಿನಲ್ಲಿ ಬಂದದ್ದರಿಂದ ಅದನ್ನು ಪ್ರಮಾಣವಾಗಿ ಸ್ವೀಕರಿಸಿ, ಹುಡುಗಿ ಚಂಚಲೆಯಾಗಿದ್ದಳು, ಹಿಡಿತಕ್ಕೆ ಸಿಗದವಳಾಗಿದ್ದಳು ಎಂದು ಬರೆಯುತ್ತೇವೆ.

ಇದರಿಂದ ಈ ಪುಸ್ತಕಗಳು ಸುಳ್ಳು ಎಂದು ತೀರ್ಮಾನಿಸಬೇಕಾಗಿಲ್ಲ. ಲೇಡಿ ಲಾಗಿನ್ ಬುದ್ಧಿವಂತೆ, ಗಟ್ಟಿ ಕಣ್ಣುಳ್ಳವಳು. ದುಲೀಪ್ ಸಿಂಗನಿಗೆ ಆದ ಅನ್ಯಾಯವನ್ನು ಕುರಿತು ತನ್ನವರ ಮುಂದೆಯೇ ನೇರವಾಗಿ ಮಾತನಾಡಿದವಳು. ಆಕೆ ಕೊಡುವ ವಿವರಗಳಿಲ್ಲದಿದ್ದರೆ ನಮಗೆ ಅನೇಕ ಸಂಗತಿ ತಿಳಿಯುತ್ತಲೇ ಇರಲಿಲ್ಲ. ಆದರೆ ವಿವರ ಬೇರೆ, ತೀರ್ಪು ಬೇರೆ. ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತು ಎಂಬುದು ವಿವರ. ಮಗುವಿನ ಸ್ವಭಾವವೇ ಅಂಥದು ಎಂಬುದು ತೀರ್ಪು. ಮೊದಲು ಡ್ರಮಂಡ್ ದಂಪತಿಗಳು, ಆಮೇಲೆ ಲಾಗಿನ್ ದಂಪತಿಗಳು, ಅವರ ನಂತರ ಮತ್ತೂ ಬೇರೆಯವರು: ಹೀಗೆ ಕೈಯಿಂದ ಕೈಗೆ ದಾಟಿದ ಹೆಣ್ಣುಮಗುವೊಂದು ಯಾರೊಡನೆಯೂ ನೆಲೆಯಾಗಿ ನಿಲ್ಲದೆ ಹೋದರೆ ಅದು ಸ್ವಭಾವದ ದೋಷವೋ ಸಾಕಿದ ಕ್ರಮದ ಫಲವೋ? ವಿವರವನ್ನು ತೆಗೆದುಕೊಂಡು ತೀರ್ಪನ್ನು ನಾವೇ ಬರೆಯುವುದು ವಿಮರ್ಶೆಯ ಕೆಲಸ.

ಚಿತ್ರ, ಪ್ರತಿಮೆ, ಕಲ್ಲು

ಕಾಗದಗಳಾದ ಮೇಲೆ ವಸ್ತುಗಳು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ೧೮೫೨ರಲ್ಲೇ ಗೌರಮ್ಮನ ವರ್ಣಚಿತ್ರ ಬರೆದ. ಶಿಲ್ಪಿ ಮರೊಚೆಟ್ಟಿ ೧೮೫೬ರಲ್ಲಿ ಆಕೆಯ ಎದೆಮಟ್ಟದ ಪ್ರತಿಮೆಯನ್ನು ಅಮೃತಶಿಲೆಯಲ್ಲಿ ಕಡೆದು, ಬಣ್ಣ ತುಂಬಿದ. ಇವು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಗೌರಮ್ಮನಿಗೆ ಜೊತೆಯಾಗಿ ದುಲೀಪ್ ಸಿಂಗನ ಚಿತ್ರವೂ ಇದೆ, ಪ್ರತಿಮೆಯೂ ಇದೆ. ಮದುವೆಯಲ್ಲಿ ಕೂಡಿಸಲಾಗದ ಇಬ್ಬರನ್ನು ಕಲೆಯಲ್ಲಿ ಕೂಡಿಸಿದಂತಾಯಿತು.

ಚಿತ್ರ ಸುಂದರವಾಗಿದೆ ಎಂದು ಹೇಳಿ ಮುಗಿಸಬಹುದು. ಆದರೆ ಅದರ ಕಾಲವನ್ನು ಒಮ್ಮೆ ನೆನೆಯಬೇಕು. ಹಿಂದಿನ ವರ್ಷವಷ್ಟೇ, ೧೮೫೧ರಲ್ಲಿ, ಲಂಡನ್ನಿನ ಗಾಜಿನ ಅರಮನೆಯಲ್ಲಿ ಮಹಾಪ್ರದರ್ಶನ ನಡೆದಿತ್ತು. ಇಂಡಿಯಾದ ರೇಶಿಮೆ, ದಂತ, ಜರತಾರಿ, ಪಂಜಾಬಿನಿಂದ ಒಯ್ದ ಕೊಹಿನೂರು ವಜ್ರ ಇವನ್ನೆಲ್ಲ ಜನ ಸಾಲುಗಟ್ಟಿ ನಿಂತು ನೋಡಿದ್ದರು. ಪೂರ್ವದೇಶ ಎಂದರೆ ನೋಡುವ ವಸ್ತು ಎಂಬ ಅಭ್ಯಾಸ ಕಣ್ಣಿಗೆ ಹತ್ತಿದ್ದ ಊರಿಗೆ ಹನ್ನೊಂದು ವರ್ಷದ ಈ ಹುಡುಗಿ ಬಂದು ಇಳಿದಳು. ಧರಿಸಲು ಇಂಗ್ಲಿಷ್ ಉಡುಪನ್ನೂ ಓದಲು ಇಂಗ್ಲಿಷ್ ಬೈಬಲನ್ನೂ ಕೊಟ್ಟವರೇ, ಚಿತ್ರಕ್ಕೆ ಕೂರಿಸುವಾಗ ಮಾತ್ರ ಹುಟ್ಟುನಾಡಿನ ಉಡಿಗೆ ತೊಡಿಗೆಗಳಲ್ಲಿ ಕೂರಿಸಿದರು. ಇದರಲ್ಲಿ ಕೆಟ್ಟ ಬುದ್ಧಿ ಇತ್ತೆನ್ನಲಾಗದು. ಆದರೆ ಬದುಕುವಾಗ ಅವರಂತೆ, ನೋಡಿಸಿಕೊಳ್ಳುವಾಗ ನಮ್ಮಂತೆ ಇರಬೇಕಾದ ಒಂದು ಇಕ್ಕಟ್ಟು ಆ ಚೌಕಟ್ಟಿನೊಳಗೆ ಇದೆ. ಚಿತ್ರವನ್ನು ಕೇವಲ ಬಣ್ಣದ ಸೊಬಗಿಗಾಗಿ ಹೊಗಳುವವರು ಈ ಇಕ್ಕಟ್ಟನ್ನು ಕಾಣುವುದಿಲ್ಲ. ಅದನ್ನು ಸಾಮ್ರಾಜ್ಯದ ಕುಟಿಲ ಎಂದು ಬೈದು ಮುಗಿಸುವವರು ಅಲ್ಲಿ ಕುಳಿತಿರುವ ಮಗುವನ್ನು ಕಾಣುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುವ ಸ್ಮಾರಕ ಒಂದಿದೆ. ಅದು ಚಿತ್ರವಲ್ಲ, ಒಡವೆಯಲ್ಲ, ಒಂದು ಶಬ್ದ. ದೀಕ್ಷೆಯಲ್ಲಿ 'ವಿಕ್ಟೋರಿಯಾ' ಎಂಬ ಹೆಸರು ಬಂದರೂ 'ಗೌರಮ್ಮ' ಎಂಬುದು ಹೋಗಲಿಲ್ಲ. ಇಂಗ್ಲಿಷಿನವರು ಅದನ್ನು ಹೇಗೆ ಉಚ್ಚರಿಸಿದರೋ, ಬರಹದಲ್ಲಂತೂ ಉಳಿಸಿದರು. ಹೆಣ್ಣುಮಗುವನ್ನು 'ಅಮ್ಮ' ಎಂದು ಕರೆಯುವ ನಮ್ಮ ಪದ್ಧತಿಯೂ, ಭಾದ್ರಪದದಲ್ಲಿ ಮನೆಗೆ ಬರುವ ಗೌರಿಯ ನೆನಪೂ ಆ ಹೆಸರಿನಲ್ಲಿ ಇವೆಯೆಂದು ಅವರಿಗೆ ತಿಳಿದಿರಲಾರದು. ಆದರೂ ೧೮೬೧ರಲ್ಲಿ ಹುಟ್ಟಿದ ಮಗಳಿಗೆ ಇಟ್ಟ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್. ಇತರರ ಕಾಗದಗಳ ರಾಶಿಯಲ್ಲಿ ತಾಯಿಯ ಮನಸ್ಸನ್ನು ಸ್ವಲ್ಪವಾದರೂ ಊಹಿಸಲು ಬಿಡುವ ಸಂಗತಿ ಇದು. ಕೊಡಗನ್ನು ಕಾಣದವಳಿಗೆ ಕೊಡಗಿನ ಅರಮನೆಯಿಂದ ಬಂದ ಪಾಲು, ಯಾವ ನ್ಯಾಯಾಲಯವೂ ಮುಟ್ಟುಗೋಲು ಹಾಕಲಾಗದ ಪಾಲು, ಈ ಮೂರಕ್ಷರ.

ತಂದೆಯ ಲೆಕ್ಕ

ನ್ಯಾಯಾಲಯದ ಮಾತು ಬಂದುದರಿಂದ ತಂದೆಯ ವಿಚಾರವನ್ನೂ ಎತ್ತಬೇಕು. ಚಿಕ್ಕವೀರರಾಜೇಂದ್ರ ಇಂಗ್ಲೆಂಡಿಗೆ ಹೋದದ್ದು ಮಗಳ ವಿದ್ಯಾಭ್ಯಾಸಕ್ಕೆ ಎಂಬುದು ಹೇಳಿಕೆ. ಕಂಪನಿಯಲ್ಲಿ ತೊಡಗಿಸಿದ್ದ ಹಣವನ್ನು ಮರಳಿ ಪಡೆಯಲು ಎಂಬುದು ಅವನ ನಡತೆಯಿಂದ ತಿಳಿಯುವ ಮಾತು. ಈ ಹಣಪತ್ರಗಳಿಗಾಗಿ ಅವನು ಅಲ್ಲಿನ ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆಯೇ ದಾವೆ ಹೂಡಿದ. ೧೮೫೯ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ಕೆನ್ಸಲ್ ಗ್ರೀನ್ ಶ್ಮಶಾನದಲ್ಲಿ ಅವನನ್ನು ಹೂಳಿದರು. ೧೮೬೦ರಲ್ಲಿ ತೀರ್ಪು ಬಂತು. ಕಂಪನಿ ಆ ಪತ್ರಗಳನ್ನು ಹಿಡಿದದ್ದು ವ್ಯಾಪಾರಿಯಾಗಿ ಅಲ್ಲ, ಯುದ್ಧದಲ್ಲಿ ಗೆದ್ದ ರಾಜಶಕ್ತಿಯಾಗಿ. ಇದು ನ್ಯಾಯಾಲಯ ವಿಚಾರಿಸುವ ವಿಷಯವಲ್ಲ ಎಂದು ದಾವೆ ವಜಾ ಆಯಿತು. ಸಾಲ ಪಡೆಯುವಾಗ ವರ್ತಕ, ತೀರಿಸುವಾಗ ಚಕ್ರವರ್ತಿ! ಕಾನೂನಿನ ಗ್ರಂಥಗಳಲ್ಲಿ ಈ ಮೊಕದ್ದಮೆಗೆ ಇಂದಿಗೂ ಸ್ಥಾನವಿದೆ. ಹತ್ತೊಂಬತ್ತನೆಯ ಶತಮಾನದ ಸಾಮ್ರಾಜ್ಯನೀತಿಯನ್ನು ಅರಿಯಲು ಹತ್ತು ಪುಸ್ತಕ ಓದುವುದಕ್ಕಿಂತ ಈ ಒಂದು ತೀರ್ಪನ್ನು ಓದುವುದು ಲೇಸು.

ನಮ್ಮಲ್ಲಿ ಈ ತಂದೆಯನ್ನು ಕುರಿತು ಎರಡು ಬಗೆಯ ಮಾತು ನಡೆಯುತ್ತದೆ. ಹಣಕ್ಕಾಗಿ ಮಗಳನ್ನೂ ಮತವನ್ನೂ ಒಪ್ಪಿಸಿದ ನೀಚ ಎಂಬುದು ಒಂದು. ಪರಕೀಯರ ಮೋಸಕ್ಕೆ ಬಲಿಯಾದ ಮಹಾರಾಜ ಎಂಬುದು ಇನ್ನೊಂದು. ಅವನ ಆಳ್ವಿಕೆಯ ಕ್ರೌರ್ಯಕ್ಕೆ ಕೊಡಗಿನಲ್ಲೇ ಸಾಕ್ಷಿಗಳಿದ್ದವು; ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ೧೮೫೫ರಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತದಲ್ಲಿ ಅದನ್ನು ಬಿಡಿಸಿ ಬರೆದಿದ್ದಾನೆ. ಮೋಗ್ಲಿಂಗನೂ ಪಕ್ಷಪಾತಿಯೇ, ಆದರೆ ಅವನು ಹೇಳಿದ್ದೆಲ್ಲ ಕಟ್ಟುಕಥೆಯಲ್ಲ. ಹಾಗೆಂದು, ಕ್ರೂರನಾದವನಿಗೆ ಮಗಳ ಮೇಲೆ ಪ್ರೀತಿ ಇರಕೂಡದೆಂಬ ನಿಯಮವೂ ಇಲ್ಲ. ಕಂಪನಿಗೆ ಸಾಲ ಕೊಟ್ಟವನು ಕ್ರೂರನಾಗಿದ್ದರೆ ಸಾಲ ತೀರಿಸಬೇಕಾಗಿಲ್ಲ ಎಂಬ ನ್ಯಾಯವೂ ಇಲ್ಲ. ಈ ಮೂರು ಸಂಗತಿಗಳನ್ನು ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಹಿಡಿದುಕೊಳ್ಳಬಲ್ಲ ಬರಹಗಾರನಿಗೆ ಮಾತ್ರ ಈ ಕಥೆ ದಕ್ಕೀತು.

ನಮ್ಮವರು ಬರೆದದ್ದು

ಅಂಥ ಶಕ್ತಿ ಇದ್ದವರು ಮಾಸ್ತಿಯವರು. ೧೯೫೬ರಲ್ಲಿ ಬಂದ ಅವರ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ಮುಂದಿಟ್ಟುಕೊಂಡೇ ೧೯೮೩ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಸರ್ಕಾರಿ ಅಧಿಕಾರಿಯಾಗಿ ಬಾಳಿದವರಾದ್ದರಿಂದ ರಾಜ್ಯವೊಂದು ಒಳಗಿನಿಂದ ಹೇಗೆ ಸಡಿಲಗೊಳ್ಳುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಅರಸ, ಕುಂಟ ಬಸವ, ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇವರಲ್ಲಿ ಯಾರನ್ನೂ ಅವರು ಕೇವಲ ದುಷ್ಟನನ್ನಾಗಿ ಅಥವಾ ಕೇವಲ ಸಾಧುವನ್ನಾಗಿ ಮಾಡಲಿಲ್ಲ. ಆದರೆ ಆ ಕಾದಂಬರಿಯ ಜೀವ ಇರುವುದು ಮಡಿಕೇರಿಯ ಅರಮನೆಯಲ್ಲಿ, ೧೮೩೪ರ ಪತನದಲ್ಲಿ. ಕಡಲಾಚೆಯ ಬಾಳು ಅದರ ಮುಖ್ಯ ವಸ್ತುವಲ್ಲ. ಗೌರಮ್ಮನ ಕಥೆಯ ಭಾರವನ್ನು ಅದರ ಮೇಲೆ ಹೊರಿಸುವುದು ಸರಿಯಾಗದು.

ಇಂಗ್ಲಿಷಿನಲ್ಲಿ ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪನವರು ಗೌರಮ್ಮನ ಜೀವನವನ್ನು ಕುರಿತು ಪುಸ್ತಕ ಬರೆದು ದೊಡ್ಡ ಉಪಕಾರ ಮಾಡಿದ್ದಾರೆ. ಅದಕ್ಕೆ ಮೊದಲು ಈ ಹೆಸರು ನಮ್ಮಲ್ಲಿ ಹೆಚ್ಚಾಗಿ ಅರಸನ ಚರಿತ್ರೆಯ ಕೊನೆಯ ಪುಟದ ಮಾತಾಗಿತ್ತು. ಆದರೆ ಆ ಬಗೆಯ ಶ್ರಮದ ನಂತರ ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಹಬ್ಬಿದ ಕಥೆ ಬೇರೆಯ ದಾರಿ ಹಿಡಿಯಿತು. 'ವಿಕ್ಟೋರಿಯಾ ರಾಣಿಯ ದತ್ತುಪುತ್ರಿ' ಎಂದು ಆಗಾಗ ಓದುತ್ತೇವೆ. ದೀಕ್ಷೆಯಲ್ಲಿ ಧರ್ಮಮಾತೆಯಾಗುವುದು ಬೇರೆ, ದತ್ತು ತೆಗೆದುಕೊಳ್ಳುವುದು ಬೇರೆ. ದತ್ತುಪುತ್ರಿಯಾಗಿದ್ದರೆ ಮನೆಯಿಂದ ಮನೆಗೆ ಆಶ್ರಯ ಹುಡುಕುವ ಸ್ಥಿತಿ ಬರುತ್ತಿರಲಿಲ್ಲ. ಇನ್ನು ಗೌರಮ್ಮನ ಒಡವೆಗಳೊಡನೆ ಕರ್ನಲ್ ಕ್ಯಾಂಬೆಲ್ ಒಂದು ದಿನ ಮನೆ ಬಿಟ್ಟವನು ಮತ್ತೆ ಕಾಣಲಿಲ್ಲವೆಂಬ ಕಥೆ ಎಲ್ಲರಿಗೂ ಪ್ರಿಯ. ಒಡವೆ ಎಲ್ಲಿ ಹೋಯಿತು ಎಂದು ಕೇಳುವವರು ನೂರು ಮಂದಿ. ತಾಯಿಯೂ ಇಲ್ಲದೆ ತಂದೆಯೂ ಇಲ್ಲದೆ ಉಳಿದ ಎಳೆಯ ಮಗು ಎಡಿತ್ ಏನಾದಳು ಎಂದು ಕೇಳುವವರು ವಿರಳ. ರಾಣಿ, ರತ್ನ, ರಹಸ್ಯ ಈ ಮೂರು ಇದ್ದರೆ ಓದುಗರು ಒಲಿಯುತ್ತಾರೆಂಬ ನಂಬಿಕೆ ಇದಕ್ಕೆ ಕಾರಣ. ಒಂದೂವರೆ ಶತಮಾನಕ್ಕೂ ಹಿಂದೆ ಲಂಡನ್ನಿನವರು ಅವಳನ್ನು ಕುತೂಹಲದ ವಸ್ತುವಾಗಿ ನೋಡಿದ್ದರು ಎಂದು ದೂರುವ ನಾವು, ಈಗ ನಮ್ಮ ಭಾಷೆಯಲ್ಲಿ ಅದನ್ನೇ ಮಾಡುತ್ತಿದ್ದರೆ ಏನು ಹೆಚ್ಚು ಮಾಡಿದಂತಾಯಿತು?

ಹೊರಗಿನ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಗೌರಮ್ಮ ಬರುವುದಕ್ಕೆ ಎರಡು ವರ್ಷ ಮೊದಲು, ೧೮೫೦ರಲ್ಲಿ, ಪಶ್ಚಿಮ ಆಫ್ರಿಕದಿಂದ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬ ಎಳೆಯ ಹುಡುಗಿಯನ್ನು ಇಂಗ್ಲೆಂಡಿಗೆ ಕರೆತಂದು ರಾಣಿಗೆ ಒಪ್ಪಿಸಿದ್ದರು. ಆಕೆಯದೂ ಇಂಥದೇ ಬಾಳು: ರಾಣಿಯ ಕೃಪೆ, ಪರರ ಮನೆ, ಇತರರು ಗೊತ್ತುಮಾಡಿದ ಮದುವೆ. ಆಕೆಯೂ ಮರೆತುಹೋಗಿದ್ದಳು. ಅಮೆರಿಕದ ಕಪ್ಪುಜನರ ಲೇಖಕ ವಾಲ್ಟರ್ ಡೀನ್ ಮೈಯರ್ಸ್ ಲಂಡನ್ನಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಕಾಗದಗಳ ಒಂದು ಕಟ್ಟನ್ನು ಕಂಡು ಕೊಂಡುಕೊಂಡ. ಅದರಲ್ಲಿ ಸಾರಾಳ ಕೈಯ ಕಾಗದಗಳೂ ಇದ್ದವು. ೧೯೯೯ರಲ್ಲಿ ಅವನು ಮಕ್ಕಳಿಗೂ ಅರ್ಥವಾಗುವಂತೆ ಆಕೆಯ ಕಥೆ ಬರೆದ. ಇಡೀ ಸಾಮ್ರಾಜ್ಯದ ದಾಖಲೆ ಮಾಡಲಾಗದ್ದನ್ನು ಆ ಒಂದು ಕಟ್ಟು ಮಾಡಿತು; ರಾಣಿಯ ಕೃಪಾಪಾತ್ರಳೊಬ್ಬಳು ಮನುಷ್ಯಳಾದಳು. ಒಬ್ಬ ಹೆಣ್ಣಿನ ಸ್ವಂತ ಕೈಯ ನಾಲ್ಕು ಸಾಲಿಗೆ ಎಷ್ಟು ಬೆಲೆ ಎಂಬುದು ಇದರಿಂದ ತಿಳಿಯಬೇಕು.

ಇಬ್ಬರು ಗೌರಮ್ಮಂದಿರು

ಕನ್ನಡ ಸಾಹಿತ್ಯದಲ್ಲಿ 'ಕೊಡಗಿನ ಗೌರಮ್ಮ' ಎಂದೊಡನೆ ಸಹೃದಯರಿಗೆ ನೆನಪಾಗುವುದು ಅರಸುಕುಮಾರಿಯಲ್ಲ. ೧೯೧೨ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ೧೯೩೯ರಲ್ಲಿ ಹರಂಗಿಯ ಸುಳಿಗೆ ಸಿಕ್ಕಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡ ಕಥೆಗಾರ್ತಿ. 'ಕಂಬನಿ', 'ಚಿಗುರು' ಎಂಬ ಎರಡು ಸಂಗ್ರಹಗಳಷ್ಟೇ ಆಕೆಯ ಆಸ್ತಿ. ಹೆಸರೊಂದೇ, ಊರಿನ ನಂಟೊಂದೇ, ಅಲ್ಪಾಯುಷ್ಯವೂ ಒಂದೇ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ.

೧೯೩೪ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಈ ಗೌರಮ್ಮ ತಮ್ಮಲ್ಲಿಗೆ ಅವರು ಬರಬೇಕೆಂದು ಉಪವಾಸ ಹಿಡಿದು ಬರಮಾಡಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಒಬ್ಬ ಗೌರಮ್ಮನ ಒಡವೆಯನ್ನು ಲೋಕ ಇಂದಿಗೂ ಹುಡುಕುತ್ತಿದೆ. ಇನ್ನೊಬ್ಬ ಗೌರಮ್ಮ ತಮ್ಮ ಒಡವೆಯನ್ನು ತಾವೇ ಬಿಚ್ಚಿಕೊಟ್ಟರು. ಒಬ್ಬಳ ಮುಖ ವಿಂಟರ್‌ಹಾಲ್ಟರನ ಬಣ್ಣದಲ್ಲಿ ಉಳಿಯಿತು. ಇನ್ನೊಬ್ಬರ ಮಾತು ಕನ್ನಡದ ಗದ್ಯದಲ್ಲಿ ಉಳಿಯಿತು. ಕಥೆಗಾರ್ತಿ ಗೌರಮ್ಮ ಬರೆದದ್ದಾದರೂ ಏನನ್ನು? ಮದುವೆಯ ವಿಷಯದಲ್ಲಿ ತನ್ನ ಮನಸ್ಸನ್ನು ಯಾರೂ ಕೇಳದ ಹೆಣ್ಣು, ಸಮಾಜದ ತೀರ್ಪಿಗೆ ಸಿಕ್ಕ ವಿಧವೆ, ದೂರು ಹೊತ್ತವಳು, ಬಾಯಿ ಬಿಡದವಳು. ತಿಳಿದೋ ತಿಳಿಯದೆಯೋ, ಮೊದಲಿನ ಗೌರಮ್ಮ ಹೇಳಲಾಗದೆ ಹೋದ ಬಗೆಯ ಮಾತನ್ನೇ ಈಕೆ ಎಪ್ಪತ್ತು ವರ್ಷಗಳ ಅನಂತರ ತೋಟದ ಮನೆಯೊಂದರಲ್ಲಿ ಕುಳಿತು ಹೇಳಿದರು. ಅರಮನೆಯ ಆಶ್ರಯ, ಪ್ರಪಂಚದ ದೊಡ್ಡ ನಗರ, ಶ್ರೇಷ್ಠ ಚಿತ್ರಕಾರನ ಕುಂಚ ಇವು ಮೊದಲನೆಯವಳಿಗೆ ಕೊಡಲಾಗದ್ದನ್ನು ತಾಯ್ನುಡಿಯ ಲೇಖನಿ ಎರಡನೆಯವರಿಗೆ ಕೊಟ್ಟಿತು. ಮಡಿಕೇರಿಯ ಅರಸುಕುಮಾರಿ ಕನ್ನಡವನ್ನು ಎಷ್ಟು ಕಾಲ ನೆನಪಿಟ್ಟುಕೊಂಡಿದ್ದಳೋ, ಯಾರೊಡನೆ ಆಡುತ್ತಿದ್ದಳೋ, ಆಕೆಯ ಸುತ್ತ ಇದ್ದವರಲ್ಲಿ ಅದನ್ನು ಬರೆದಿಡಬೇಕೆಂದು ಯಾರಿಗೆ ತಾನೆ ತೋರಬೇಕು? ಆಡುವವರಿಲ್ಲದಲ್ಲಿ ಭಾಷೆ ಮೊದಲು ಮೌನವಾಗುತ್ತದೆ, ಆಮೇಲೆ ಮನುಷ್ಯ.

ಆಗಬೇಕಾದ ಕೆಲಸ

ಹಾಗಾದರೆ ಗೌರಮ್ಮನನ್ನು ಕುರಿತು ಕನ್ನಡದಲ್ಲಿ ಬರೆಯಲೇಬಾರದೆ? ಖಂಡಿತ ಬರೆಯಬೇಕು. ಆದರೆ ಇನ್ನೊಂದು ಐತಿಹಾಸಿಕ ಪ್ರಣಯ ಕಾದಂಬರಿಗಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ರಾಣಿಯ ದಿನಚರಿಯಲ್ಲಿ ಆಕೆಯ ಪ್ರಸ್ತಾಪ ಬರುವ ಭಾಗಗಳು, ಲಾಗಿನ್ ಗ್ರಂಥಗಳ ಸಂಬಂಧಪಟ್ಟ ಪುಟಗಳು, ೧೮೬೦ರ ತೀರ್ಪು, ಮೋಗ್ಲಿಂಗನ ವೃತ್ತಾಂತ, ಕುಟುಂಬಗಳ ಕೈಯಲ್ಲಿ ಉಳಿದಿರುವ ಕಾಗದಗಳು ಇವನ್ನೆಲ್ಲ ಒಂದೆಡೆ ಕೂಡಿಸಿ, ಕನ್ನಡಕ್ಕೆ ತಂದು, ಪ್ರತಿಯೊಂದರ ಮೊದಲಿಗೆ ಇದನ್ನು ಬರೆದವರು ಯಾರು, ಯಾವಾಗ, ಯಾರಿಗೆ, ಯಾವ ಕಾರಣಕ್ಕೆ ಎಂಬ ನಾಲ್ಕು ಮಾತು ಸೇರಿಸಿ ಪ್ರಕಟಿಸಬೇಕು. ಹಾಲೇರಿ ಅರಸರ 'ರಾಜೇಂದ್ರನಾಮೆ'ಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಚ್ಚಿಗೆ ತಂದ ಭಾಷೆಗೆ ಇದು ಹೊರಲಾಗದ ಹೊರೆಯಲ್ಲ. ಅರಸರ ವಿಜಯಗಳಿಗೆ ಒಂದು ಗ್ರಂಥ ಇದ್ದಮೇಲೆ ಆ ವಂಶದ ಒಬ್ಬ ಹೆಣ್ಣುಮಗಳ ಬಾಳಿಗೂ ಒಂದು ಇರುವುದು ನ್ಯಾಯ.

ಇಂಥ ಸಂಪುಟವನ್ನು ಓದಿದವನು ಗೌರಮ್ಮನ ಮನಸ್ಸನ್ನು ಪೂರ್ತಿ ತಿಳಿದೆನೆಂದು ಎದೆ ತಟ್ಟಿಕೊಳ್ಳಲಾರ. ಆದರೆ ತಾನು ಕೇಳುತ್ತಿರುವುದು ಯಾರ ದನಿ ಎಂಬುದಾದರೂ ಅವನಿಗೆ ಗೊತ್ತಿರುತ್ತದೆ. ಮಡಿಕೇರಿಯ ಗದ್ದುಗೆಯಲ್ಲಿ ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ಗುಮ್ಮಟದ ಕೆಳಗೆ ಮಲಗಿದ್ದಾರೆ. ಲಿಂಗರಾಜೇಂದ್ರನ ಮಗ, ಮೊಮ್ಮಗಳು ಒಂದೇ ನಗರದ ಎರಡು ಬೇರೆ ಬೇರೆ ಶ್ಮಶಾನಗಳಲ್ಲಿದ್ದಾರೆ. ಕಲ್ಲುಗಳನ್ನು ಒಂದೆಡೆ ತರುವುದು ಯಾರಿಂದಲೂ ಆಗದ ಮಾತು, ಆಗಬೇಕಾದ ಅಗತ್ಯವೂ ಇಲ್ಲ. ಕಾಗದಗಳನ್ನು ಒಂದೆಡೆ ತರುವುದು ಆಗುವ ಮಾತು. ನಮ್ಮ ವಿಶ್ವವಿದ್ಯಾಲಯಗಳಾಗಲಿ ಅಕಾಡೆಮಿಗಳಾಗಲಿ ಈ ಕೆಲಸವನ್ನು ಕೈಗೆತ್ತಿಕೊಂಡರೆ, ಮುಂದೆ ಬರೆಯಲಿರುವ ಕಾದಂಬರಿಕಾರನಿಗೂ ಅದರಿಂದ ನಷ್ಟವಿಲ್ಲ. ಕಲ್ಪನೆ ಎಲ್ಲಿಂದ ಪ್ರಾರಂಭವಾಗಬೇಕು ಎಂಬುದು ಅವನಿಗೆ ಆಗ ಸ್ಪಷ್ಟವಾಗಿ ತಿಳಿಯುತ್ತದೆ.